ಬೀಳುವ ಹಲ್ಲಿಗೆ ಎಷ್ಟು ಚಿಕಿತ್ಸೆ ಬೇಕು? ಮಕ್ಕಳ ಹುಳುಕು ಹಲ್ಲಿಗೆ ಕೊರೆಯದೆ ಇರುವ ದಾರಿಗಳು

ನನ್ನ ಮಗಳಿಗೆ ಐದು ತುಂಬಿದಾಗ ಬಾಯಲ್ಲಿ ನಾಲ್ಕು ಹುಳುಕು ಹಲ್ಲು ಇದ್ದವು. ಮಂಡ್ಯದ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷ. ನಮ್ಮತ್ತೆ, "ಬೀಳೋ ಹಲ್ಲಲ್ವಾ ಅದು, ಅದ್ಕೆ ಯಾಕವ್ವ ಅಷ್ಟೊಂದು ದುಡ್ಡು?" ಅಂದರು. ನಾವು ಮೊದಲು ಹೋದ ಕ್ಲಿನಿಕ್‌ನಲ್ಲಿ ನಾಲ್ಕನ್ನೂ ಕೊರೆದು ತುಂಬಬೇಕು, ಈಗಲೇ ಶುರು ಮಾಡೋಣ ಅಂದರು. ಮಗಳ ಕೈ ಗಟ್ಟಿಯಾಗಿ ಹಿಡಿದುಕೊಳ್ಳಲು ನನಗೇ ಹೇಳಿದರು. ಮಿಷನ್ ಸದ್ದು ಕೇಳಿದ್ದೇ ತಡ, ಮಗು ನಡುಗಿಹೋಯಿತು. ಒಂದೇ ಹಲ್ಲಿನ ಅರ್ಧ ಕೆಲಸ ಆಯಿತು, ತಾತ್ಕಾಲಿಕ ಸಿಮೆಂಟ್ ಹಾಕಿ ಕಳಿಸಿದರು. ಆಮೇಲೆ ಸುಮಾರು ಮೂರು ತಿಂಗಳು ಅವಳು ಹಲ್ಲುಜ್ಜಿಸಿಕೊಳ್ಳಲೂ ಸರಿಯಾಗಿ ಬಾಯಿ ತೆಗೆಯಲಿಲ್ಲ.

ಸುಮ್ನೆ ಬಿಟ್ಟುಬಿಡುವುದು ಒಂದು ತುದಿ, ಹಿಡಿದು ಕೊರೆಸುವುದು ಇನ್ನೊಂದು ತುದಿ. ಇವೆರಡರ ನಡುವೆ ನಾಲ್ಕೈದು ಒಳ್ಳೆಯ ದಾರಿಗಳಿವೆ ಅನ್ನುವುದು ನನಗೆ ಗೊತ್ತಾಗಿದ್ದು ಮೈಸೂರಿನಲ್ಲಿ ಮಕ್ಕಳ ದಂತವೈದ್ಯರೊಬ್ಬರನ್ನು ನೋಡಿದ ಮೇಲೆ. ಅವರು ಉಪಕರಣ ಮುಟ್ಟುವ ಮೊದಲು ಒಂದೊಂದೇ ಹಲ್ಲು ತೋರಿಸಿ, "ಇದು ಇನ್ನೂ ಎಷ್ಟು ವರ್ಷ ಬಾಯಲ್ಲಿರಬೇಕು ಗೊತ್ತಾ?" ಎಂದು ಕೇಳಿದರು. ಆ ಪ್ರಶ್ನೆ ಹಿಡಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ನಾನು ಡಾಕ್ಟರಲ್ಲ, ತಾಯಿ. ನಿಮ್ಮ ಮಗುವಿನ ಬಾಯಿ ನೋಡಿ ಹೇಳಬೇಕಾದವರು ವೈದ್ಯರೇ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು, ಯಾವುದಕ್ಕೆ ಹೂಂ ಅನ್ನಬಹುದು ಅನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು, ಅಲ್ವಾ?

ಮೊದಲು ಹಲ್ಲಿನ ಆಯಸ್ಸು ಲೆಕ್ಕ ಹಾಕಿ

ಹಾಲು ಹಲ್ಲು ಒಟ್ಟು 20. ಮುಂದಿನ ಹಲ್ಲುಗಳು ಆರರಿಂದ ಎಂಟು ವರ್ಷದೊಳಗೆ ಬೀಳುತ್ತವೆ. ನಾವು "ಬೀಳೋ ಹಲ್ಲು" ಅನ್ನುವಾಗ ನಮ್ಮ ಕಣ್ಣಮುಂದೆ ಬರುವುದು ಇವೇ. ಆದರೆ ಹಾಲು ಹಲ್ಲಿನ ದವಡೆಗಳು ಹಾಗಲ್ಲ. ಮೊದಲ ದವಡೆ ಹಲ್ಲು ಬೀಳಲು ಒಂಬತ್ತರಿಂದ ಹನ್ನೊಂದು ವರ್ಷ ಆಗಬೇಕು, ಎರಡನೆಯದು ಹತ್ತರಿಂದ ಹನ್ನೆರಡರವರೆಗೂ ಇರುತ್ತದೆ. ಅಂದರೆ ಐದು ವರ್ಷದ ಮಗುವಿನ ಹಿಂದಿನ ಹಲ್ಲು ಇನ್ನೂ ಐದಾರು ವರ್ಷ ಮುದ್ದೆ ನುಂಗಲಿಕ್ಕಲ್ಲದಿದ್ದರೂ ಚಪಾತಿ, ಕಡಲೆಬೀಜ, ಚಕ್ಕುಲಿ ಅಗಿಯಲು ಬೇಕು. ಅದೂ ಅಲ್ಲದೆ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾದಿಡುವುದು ಅದೇ. ಬೇಗ ಕೀಳಿಸಿದರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಜಾಗ ಮುಚ್ಚಿಬಿಡಬಹುದು. ಆಮೇಲೆ ಬರುವ ಹಲ್ಲು ಸೊಟ್ಟಗೆ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಅತ್ತೆಯ ಮಾತು ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಆರು ತಿಂಗಳಲ್ಲಿ ಬೀಳುವ ಹಲ್ಲಿಗೆ ದೊಡ್ಡ ಚಿಕಿತ್ಸೆ ಬೇಡ. ಆರು ವರ್ಷ ಇರಬೇಕಾದ ಹಲ್ಲನ್ನು ಬಿಟ್ಟುಬಿಡಬಾರದು.

ಯಾವ ದಾರಿ ಆರಿಸುವ ಮೊದಲೂ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಮಗು ರಾತ್ರಿ ಹಲ್ಲು ನೋವಿಗೆ ಎದ್ದು ಅಳುತ್ತದೆಯೇ? ಏನೂ ತಿನ್ನದೇ ಇದ್ದಾಗಲೂ ತಾನಾಗಿ ನೋವು ಬರುತ್ತದೆಯೇ? ಹಲ್ಲಿನ ಪಕ್ಕ ಒಸಡಿನ ಮೇಲೆ ಕೀವಿನ ಗುಳ್ಳೆ ಇದೆಯೇ? ಇವುಗಳಲ್ಲಿ ಒಂದಿದ್ದರೂ ಹುಳುಕು ನರದವರೆಗೆ ಹೋಗಿದೆ ಎಂದೇ ಲೆಕ್ಕ. ಕೆಳಗೆ ಹೇಳುವ ಕೊರೆಯದ ದಾರಿಗಳು ಆ ಹಲ್ಲಿಗಲ್ಲ. ಅದಕ್ಕೆ ಒಳಗಿನ ನರದ ಚಿಕಿತ್ಸೆ ಬೇಕು, ಇಲ್ಲವೇ ಕೀಳಿಸಿ ಜಾಗ ಉಳಿಸುವ ಸಾಧನ ಹಾಕಿಸಬೇಕು. ಕೆನ್ನೆ ಊದಿ ಜ್ವರ ಬಂದಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಲವಂಗದ ಎಣ್ಣೆ ಹಚ್ಚಿ ಕಾಯುವುದು, ಜಾತ್ರೆಯಲ್ಲಿ ಹೊಗೆ ಹಿಡಿದು ಹಲ್ಲಿನ ಹುಳ ತೆಗೆಸುವುದು, ಇವುಗಳಲ್ಲಿ ಕಳೆಯುವ ದಿನಗಳು ಮಗುವಿನ ನೋವಿನ ದಿನಗಳು. ಹಲ್ಲಿನಲ್ಲಿ ಹುಳ ಇರುವುದೇ ಇಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹಾಲು ಹಲ್ಲಿನ ಮೇಲ್ಪದರ ತೆಳು, ಅದಕ್ಕೇ ಮಕ್ಕಳಲ್ಲಿ ಹುಳುಕು ಬೇಗ ಒಳಕ್ಕೆ ಇಳಿಯುತ್ತದೆ.

ಕೊರೆಯದೆ ಹೇಗೆ ನಿಲ್ಲುತ್ತದೆ?

ಹುಳುಕನ್ನು ಪೂರ್ತಿ ಕೊರೆದು ತೆಗೆಯದೆ ಹಾಗೇ ಬಿಟ್ಟರೆ ಒಳಗೇ ಹರಡುವುದಿಲ್ಲವೇ? ನನಗೂ ಮೊದಲು ಬಂದ ಭಯ ಇದೇ. ಇದಕ್ಕೆ ಉತ್ತರ ಸರಳ. ಬ್ಯಾಕ್ಟೀರಿಯಾಗಳಿಗೆ ಹೊರಗಿನಿಂದ ಸಕ್ಕರೆ ಬರಬೇಕು. ಮೇಲಿನಿಂದ ಗಾಳಿಯಾಡದಂತೆ ಗಟ್ಟಿಯಾಗಿ ಮುಚ್ಚಿದರೆ ಅವಕ್ಕೆ ಊಟ ಸಿಗುವುದಿಲ್ಲ, ಹುಳುಕು ಅಲ್ಲಿಗೇ ನಿಲ್ಲುತ್ತದೆ. ಇಲ್ಲವೇ ಅವುಗಳನ್ನು ಕೊಂದು ಹಲ್ಲನ್ನು ಗಟ್ಟಿ ಮಾಡುವ ಔಷಧಿ ಹಚ್ಚಬೇಕು. ಇಲ್ಲವೇ ದಿನಾ ಚೆನ್ನಾಗಿ ಉಜ್ಜಿ, ಫ್ಲೋರೈಡ್ ಕೊಟ್ಟು, ಕರಗಿದ ಜಾಗ ಮತ್ತೆ ಗಟ್ಟಿಯಾಗಲು ಬಿಡಬೇಕು. ಮುಂದೆ ಬರುವ ಎಲ್ಲ ವಿಧಾನಗಳೂ ಈ ಮೂರರಲ್ಲಿ ಒಂದನ್ನೋ ಎರಡನ್ನೋ ಮಾಡುತ್ತವೆ.

ಫ್ಲೋರೈಡ್ ವಾರ್ನಿಷ್

ಇದು ಎಲ್ಲಕ್ಕಿಂತ ಹಗುರವಾದದ್ದು. ಹಳದಿ ಅಂಟಿನಂಥ ದ್ರವವನ್ನು ಸಣ್ಣ ಬ್ರಷ್‌ನಲ್ಲಿ ಹಲ್ಲಿಗೆ ಹಚ್ಚುತ್ತಾರೆ. ಕೆಲವೇ ನಿಮಿಷದ ಕೆಲಸ. ಮಾಮೂಲಿ ವಾರ್ನಿಷ್‌ನಲ್ಲಿ 5 ಶೇಕಡ ಸೋಡಿಯಂ ಫ್ಲೋರೈಡ್ ಇರುತ್ತದೆ. ಮೂರು ತಿಂಗಳಿಂದ ಆರು ತಿಂಗಳಿಗೊಮ್ಮೆ ಹಚ್ಚಿಸಬೇಕು. ಹಲ್ಲಿನ ಮೇಲೆ ಸುಣ್ಣ ಹಚ್ಚಿದಂತೆ ಬಿಳಿ ಮಚ್ಚೆ ಬಂದಿದ್ದು ಇನ್ನೂ ಗುಂಡಿ ಬಿದ್ದಿಲ್ಲ ಅಂದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಗುಂಡಿ ಬಿದ್ದ ಮೇಲೆ ಇದೊಂದೇ ಸಾಕಾಗುವುದಿಲ್ಲ.

ಕಪ್ಪಾಗಿಸುವ ಔಷಧಿ

ಸಿಲ್ವರ್ ಡಯಾಮೈನ್ ಫ್ಲೋರೈಡ್. ವೈದ್ಯರು ಚಿಕ್ಕದಾಗಿ ಎಸ್‌ಡಿಎಫ್ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಹೆತ್ತವರಿಗೆ ಯೋಚಿಸಲು ಅತಿ ಜಾಸ್ತಿ ಸಮಯ ಬೇಕಾಗುವುದು ಇದಕ್ಕೇ, ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಇದರಲ್ಲಿರುವ ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ಮಾಮೂಲಿಯಾಗಿ ಬಳಸುವುದು 38 ಶೇಕಡದ್ದು. ಹಲ್ಲನ್ನು ಹತ್ತಿಯಲ್ಲಿ ಒರೆಸಿ ಒಣಗಿಸಿ, ತುಟಿಗೆ ವ್ಯಾಸಲಿನ್ ಹಚ್ಚಿ, ಹುಳುಕಿನ ಗುಂಡಿಗೆ ಚುಕ್ಕಿಯಷ್ಟು ಔಷಧಿಯನ್ನು ಸುಮಾರು ಒಂದು ನಿಮಿಷ ಹಚ್ಚಿಟ್ಟರೆ ಮುಗಿಯಿತು. ಇಂಜೆಕ್ಷನ್ ಇಲ್ಲ, ಮಿಷನ್ ಇಲ್ಲ. ಬಾಯಲ್ಲಿ ಲೋಹದ ರುಚಿ ಸ್ವಲ್ಪ ಹೊತ್ತು ಇರುತ್ತದೆ. ಜಪಾನಿನಲ್ಲಿ ಇದನ್ನು ಸುಮಾರು ಅರ್ಧ ಶತಮಾನದಿಂದ ಬಳಸುತ್ತಿದ್ದಾರೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಇದನ್ನು ಸೇರಿಸಿತು. ವರ್ಷಕ್ಕೆ ಒಂದು ಸಲಕ್ಕಿಂತ ಎರಡು ಸಲ ಹಚ್ಚಿಸಿದರೆ ಹುಳುಕು ನಿಲ್ಲುವ ಸಂಭವ ಜಾಸ್ತಿ. ಅದಕ್ಕೇ ಒಂದು ಸಲ ಹಚ್ಚಿಸಿ ಮರೆತುಬಿಡುವಂಥದ್ದಲ್ಲ ಇದು. ಆರು ತಿಂಗಳ ಮೇಲೆ ಮತ್ತೆ ಹೋಗಲೇಬೇಕು.

ಹುಳುಕಿದ್ದ ಜಾಗ ಮಾತ್ರ ಇದ್ದಿಲಿನ ಹಾಗೆ ಕಪ್ಪಾಗುತ್ತದೆ. ಆ ಹಲ್ಲು ಬೀಳುವವರೆಗೆ ಕಪ್ಪೇ. ಗಟ್ಟಿಯಾಗಿರುವ ಭಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ತುಟಿಗೋ ಬೆರಳಿಗೋ ತಾಗಿದರೆ ಕಂದು ಕಲೆ ಆಗುತ್ತದೆ, ಒಂದೆರಡು ವಾರದಲ್ಲಿ ಹೋಗುತ್ತದೆ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ಆದ್ದರಿಂದ ಮಗುವಿಗೆ ಹಳೇ ಅಂಗಿ ಹಾಕಿ ಕರೆದುಕೊಂಡು ಹೋಗಿ. ಬೆಳ್ಳಿಗೆ ಅಲರ್ಜಿ ಇರುವ ಮಗುವಿಗೆ, ಬಾಯಲ್ಲಿ ಹುಣ್ಣಾಗಿರುವಾಗ, ಇದನ್ನು ಹಚ್ಚಬಾರದು. ಇನ್ನೊಂದು ಮಾತು: ಇದು ಗುಂಡಿ ತುಂಬುವುದಿಲ್ಲ. ಊಟ ಸಿಕ್ಕಿಕೊಳ್ಳುವುದು ಹಾಗೇ ಇರುತ್ತದೆ. ಬೇಕಿದ್ದರೆ ಇದನ್ನು ಹಚ್ಚಿ ಆಮೇಲೆ ಮೇಲೆ ಸಿಮೆಂಟ್ ತುಂಬಿಸಬಹುದು.

ಕಪ್ಪಿನ ವಿಷಯದಲ್ಲಿ ಮನೆಯವರ ಜೊತೆ ಮೊದಲೇ ಕೂತು ಮಾತಾಡಿ. ನಮ್ಮ ಬೀದಿಯಲ್ಲೇ ಎರಡು ವರ್ಷದ ಒಂದು ಗಂಡು ಮಗು ಇತ್ತು. ರಾತ್ರಿ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸ. ಮೇಲಿನ ಮುಂದಿನ ನಾಲ್ಕು ಹಲ್ಲು ಒಸಡಿನ ಹತ್ತಿರ ಕರಗಿದ್ದವು. ಎರಡು ವರ್ಷದ ಮಗುವನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಹಲ್ಲು ತುಂಬಲು ಸಾಧ್ಯವೇ? ಪೂರ್ತಿ ಅರಿವಳಿಕೆ ಕೊಟ್ಟು ಮಾಡಿಸುವ ದಾರಿ ಇತ್ತು, ಅಥವಾ ಎಸ್‌ಡಿಎಫ್. ತಾಯಿ ಎಸ್‌ಡಿಎಫ್‌ಗೆ ಒಪ್ಪಿದರು. ಅಜ್ಜಿಗೆ ಮೊದಲು ಹೇಳಿರಲಿಲ್ಲ. ಮಗು ನಕ್ಕಾಗ ಕಪ್ಪು ಕಂಡು ಅಜ್ಜಿ ಅತ್ತುಬಿಟ್ಟರು. ಆ ಅಳು ತಪ್ಪಿಸಬಹುದಿತ್ತು. ಆದರೆ ಹುಳುಕು ನಿಂತಿತು, ಮಗು ನೋವಿಲ್ಲದೆ ಉಂಡಿತು, ಅರಿವಳಿಕೆ ಬೇಕಾಗಲಿಲ್ಲ. ನನ್ನ ಪ್ರಕಾರ ಅವರು ಸರಿಯಾದದ್ದನ್ನೇ ಆರಿಸಿದರು. ಕಪ್ಪು ಹಲ್ಲು ಅಂದರೆ ಸತ್ತ ಹಲ್ಲಲ್ಲ, ಹುಳುಕು ನಿಂತಿದೆ ಅನ್ನುವ ಗುರುತು ಅದು.

ಕೈಯಲ್ಲೇ ಕೆರೆದು ಸಿಮೆಂಟ್ ತುಂಬುವುದು

ಇದನ್ನು ಎಆರ್‌ಟಿ ಅನ್ನುತ್ತಾರೆ. 1980ರ ದಶಕದ ನಡುವಿನಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ, ಕರೆಂಟ್ ಇಲ್ಲದ ಕಡೆ ಮಿಷನ್ ಇಲ್ಲದೆ ಹಲ್ಲು ಉಳಿಸಲು ಶುರುವಾದ ವಿಧಾನ. ಸಣ್ಣ ಚಮಚದಂಥ ಸಾಧನದಿಂದ ಮೆತ್ತಗಾದ ಭಾಗವನ್ನು ಮಾತ್ರ ಕೆರೆದು ತೆಗೆಯುತ್ತಾರೆ. ಆಳದಲ್ಲಿ ಸ್ವಲ್ಪ ಉಳಿದರೂ ಪರವಾಗಿಲ್ಲ. ಆಮೇಲೆ ಗ್ಲಾಸ್ ಅಯೊನೊಮರ್ ಅನ್ನುವ ಸಿಮೆಂಟನ್ನು ಬೆರಳಲ್ಲಿ ಒತ್ತಿ ತುಂಬುತ್ತಾರೆ. ಈ ಸಿಮೆಂಟ್ ಹಲ್ಲಿಗೆ ತಾನೇ ಅಂಟುತ್ತದೆ, ನಿಧಾನವಾಗಿ ಫ್ಲೋರೈಡ್ ಬಿಡುತ್ತದೆ. ಬಹಳಷ್ಟು ಸಲ ಇಂಜೆಕ್ಷನ್ ಬೇಕಾಗುವುದಿಲ್ಲ. ಬಣ್ಣವೂ ಹಲ್ಲಿನ ಬಣ್ಣಕ್ಕೆ ಹತ್ತಿರ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಗುಂಡಿ ಹಲ್ಲಿನ ಮೇಲ್ಭಾಗದಲ್ಲಿ ಒಂದೇ ಕಡೆ ಇದ್ದರೆ ಇದು ಚೆನ್ನಾಗಿ ನಿಲ್ಲುತ್ತದೆ. ಹಾಲು ಹಲ್ಲಿನಲ್ಲಿ ಎರಡು ವರ್ಷದ ಮೇಲೂ ನೂರಕ್ಕೆ 90ಕ್ಕಿಂತ ಜಾಸ್ತಿ ಫಿಲ್ಲಿಂಗ್‌ಗಳು ಉಳಿದಿರುತ್ತವೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಕಂಡಿದ್ದಾರೆ. ಎರಡು ದವಡೆ ಹಲ್ಲುಗಳ ನಡುವಿನ ಸಂದಿಯಲ್ಲಿ ಹುಳುಕಿದ್ದರೆ ಆ ಲೆಕ್ಕ 60ರ ಆಸುಪಾಸಿಗೆ ಇಳಿಯುತ್ತದೆ. ಸಂದಿಯ ಹುಳುಕು ಕಣ್ಣಿಗೆ ಕಾಣುವುದೂ ಕಷ್ಟ, ಸಣ್ಣ ಎಕ್ಸ್‌-ರೇ ಬೇಕು. ಮಗು ಊಟ ಮಾಡಿದ ಮೇಲೆ ಯಾವಾಗಲೂ ಒಂದೇ ಕಡೆ ಕಡ್ಡಿ ಹಾಕುತ್ತಿದ್ದರೆ ಆ ಸಂದಿಯನ್ನು ವೈದ್ಯರಿಗೆ ತೋರಿಸಿ.

ಸ್ಟೀಲ್ ಕ್ಯಾಪ್: ಹಾಲ್ ಟೆಕ್ನಿಕ್

ಹೆಸರು ಕೇಳಿದರೆ ಹಾಲು ಹಲ್ಲಿನ ಹಾಲು ಅನ್ನಿಸುತ್ತದೆ. ಅದಲ್ಲ. ಇದು ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಅವರ ಹೆಸರು. ಅವರು ತಮ್ಮ ಕ್ಲಿನಿಕ್‌ನಲ್ಲಿ ಮಕ್ಕಳ ದವಡೆ ಹಲ್ಲಿಗೆ, ಹುಳುಕನ್ನು ಒಂಚೂರೂ ತೆಗೆಯದೆ, ಹಲ್ಲನ್ನು ಅರೆಯದೆ, ಸಿದ್ಧ ಸ್ಟೀಲ್ ಕ್ಯಾಪನ್ನು ಸಿಮೆಂಟ್ ತುಂಬಿ ಮೇಲಿನಿಂದ ಕೂರಿಸುತ್ತಿದ್ದರು. ಅವರ ಹಳೆಯ ದಾಖಲೆಗಳನ್ನು ನೋಡಿ 2006ರಲ್ಲಿ ಫಲಿತಾಂಶ ಪ್ರಕಟವಾದಾಗ ಬೇರೆಯವರ ಗಮನ ಇದರ ಕಡೆ ತಿರುಗಿತು. ಆಮೇಲೆ ಸ್ಕಾಟ್ಲೆಂಡಿನ ಟೇಸೈಡ್‌ನಲ್ಲಿ 132 ಮಕ್ಕಳ ಮೇಲೆ ಪರೀಕ್ಷೆ ನಡೆಯಿತು. ಒಂದೇ ಮಗುವಿನ ಒಂದು ಹಲ್ಲಿಗೆ ಕ್ಯಾಪ್, ಇನ್ನೊಂದಕ್ಕೆ ಆ ವೈದ್ಯರು ಮಾಮೂಲಿಯಾಗಿ ಹಾಕುತ್ತಿದ್ದ ಫಿಲ್ಲಿಂಗ್. ಐದು ವರ್ಷದ ಮೇಲೆ ನೋಡಿದರೆ ನೋವು, ಕೀವಿನಂಥ ದೊಡ್ಡ ತೊಂದರೆ ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ನೂರಕ್ಕೆ 3, ಫಿಲ್ಲಿಂಗ್ ಹಾಕಿದ ಹಲ್ಲುಗಳಲ್ಲಿ 16ಕ್ಕೂ ಜಾಸ್ತಿ. ಯಾವುದು ಇಷ್ಟ ಆಯಿತು ಎಂದು ಕೇಳಿದಾಗ ನೂರಕ್ಕೆ 77 ಮಕ್ಕಳು ಕ್ಯಾಪೇ ಅಂದರು.

ನನ್ನ ಮಗಳಿಗೆ ಎಡಗಡೆ ಕೆಳಗಿನ ಮೊದಲ ದವಡೆ ಹಲ್ಲಿನ ಸಂದಿಯಲ್ಲಿ ಹುಳುಕಿತ್ತು. ಅದಕ್ಕೆ ಕ್ಯಾಪ್ ಹಾಕಿಸಿದೆವು. ಮೊದಲ ದಿನ ಹಲ್ಲುಗಳ ನಡುವೆ ಸಣ್ಣ ರಬ್ಬರ್ ಉಂಗುರ ಸಿಕ್ಕಿಸಿ ಕಳಿಸಿದರು. ಜಾಗ ಸ್ವಲ್ಪ ಬಿಡಿಸಲು ಅದು. ನಾಲ್ಕು ದಿನ ಬಿಟ್ಟು ಹೋದೆವು. ಅವಳನ್ನು ನೆಟ್ಟಗೆ ಕೂರಿಸಿ, ಸರಿಯಾದ ಅಳತೆಯ ಕ್ಯಾಪ್ ಆರಿಸಿ, ಸಿಮೆಂಟ್ ತುಂಬಿ, "ಜೋರಾಗಿ ಕಚ್ಚು ಪುಟ್ಟಿ" ಅಂದರು. ಅವಳೇ ಕಚ್ಚಿ ಕೂರಿಸಿಕೊಂಡಳು. ಒಸಡು ಒತ್ತಿದಂತಾಗಿ ಮುಖ ಕಿವುಚಿದಳು, ಅಳಲಿಲ್ಲ. ಹಿಂದಿನ ಕ್ಲಿನಿಕ್‌ನ ನೆನಪಿನಲ್ಲಿ ನಾನು ಅವಳ ಕೈ ಹಿಡಿದುಕೊಂಡಿದ್ದೆ. "ಅಮ್ಮ, ಬಿಡು" ಅಂದಳು.

ಕ್ಯಾಪ್ ಹಾಕಿದ ಮೊದಲ ದಿನಗಳಲ್ಲಿ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಆ ಒಂದು ಹಲ್ಲು ಎತ್ತರವಾದಂತೆ ಇರುತ್ತದೆ, ಬೇರೆ ಹಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಹೆತ್ತವರು ಗಾಬರಿಯಾಗುತ್ತಾರೆ. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ನಮ್ಮವಳು ಮೊದಲ ವಾರ ಅನ್ನ ಸಾರು, ಇಡ್ಲಿ, ಮುದ್ದೆ ತಿಂದಳು. ಕ್ಯಾಪ್ ಬೆಳ್ಳಿ ಬಣ್ಣದ್ದು, ಬಾಯಿ ಅಗಲಿಸಿ ನಕ್ಕರೆ ಕಾಣುತ್ತದೆ. ಹಲ್ಲು ಬೀಳುವಾಗ ಅದರ ಜೊತೆಗೇ ಬೀಳುತ್ತದೆ. ನಿಕಲ್ ಅಲರ್ಜಿ ಇರುವ ಮಕ್ಕಳಿಗೆ ಹಾಕುವುದಿಲ್ಲ. ನರದ ನೋವಿರುವ ಹಲ್ಲಿಗೂ, ಕ್ಯಾಪ್ ಹಿಡಿದುಕೊಳ್ಳಲು ಏನೂ ಉಳಿಯದಷ್ಟು ಮುರಿದ ಹಲ್ಲಿಗೂ ಆಗುವುದಿಲ್ಲ. ಉಳಿದಂತೆ, ನಾಲ್ಕೈದು ವರ್ಷ ಇರಬೇಕಾದ ದವಡೆ ಹಲ್ಲಿನ ಸಂದಿ ಹುಳುಕಿಗೆ ನಾನು ಕಂಡಷ್ಟರಲ್ಲಿ ಇದೇ ಗಟ್ಟಿ ದಾರಿ. ಎಸ್‌ಡಿಎಫ್‌ಗಿಂತ ಖರ್ಚು ಜಾಸ್ತಿ ಬೀಳುತ್ತದೆ, ಆದರೆ ಮತ್ತೆ ಮತ್ತೆ ಹಚ್ಚಿಸುವ ಓಡಾಟ ಇಲ್ಲ.

ಇನ್ನೆರಡು ವಿಧಾನಗಳ ಹೆಸರು ನಿಮ್ಮ ಕಿವಿಗೆ ಬೀಳಬಹುದು. ಒಂದು, ಪಪ್ಪಾಯಿಯ ಪಪೇನ್ ಇರುವ ಜೆಲ್ ಹಚ್ಚಿ ಹುಳುಕನ್ನು ಮೆತ್ತಗೆ ಮಾಡಿ ಕೆರೆಯುವುದು. ನೋವು ಕಡಿಮೆ, ಸಮಯ ಜಾಸ್ತಿ. ಆಮೇಲೆ ತುಂಬುವುದು ಮಾಮೂಲಿಯೇ. ಇನ್ನೊಂದು, ಬಿಳಿ ಮಚ್ಚೆಯೊಳಗೆ ತೆಳು ರೆಸಿನ್ ಇಳಿಸುವುದು. ದುಬಾರಿ, ಮಗು ತುಂಬ ಹೊತ್ತು ಅಲ್ಲಾಡದೆ ಕೂರಬೇಕು. ಹಾಲು ಹಲ್ಲಿಗೆ ಅಷ್ಟು ಮಾಡಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಯಾವುದು ಮೇಲು?

ಬ್ರಿಟನ್ನಿನಲ್ಲಿ ಮೂರರಿಂದ ಏಳು ವರ್ಷದ 1,144 ಮಕ್ಕಳನ್ನು ಮೂರು ಗುಂಪು ಮಾಡಿ ಸುಮಾರು ಮೂರು ವರ್ಷ ನೋಡಿದರು. ಫಲಿತಾಂಶ ಬಂದಿದ್ದು 2020ರಲ್ಲಿ. ಒಂದು ಗುಂಪಿಗೆ ಕೊರೆದು ತುಂಬುವ ಹಳೆ ಪದ್ಧತಿ, ಇನ್ನೊಂದಕ್ಕೆ ಹುಳುಕನ್ನು ಒಳಗೇ ಮುಚ್ಚುವ ಪದ್ಧತಿ, ಮೂರನೆಯದಕ್ಕೆ ಉಜ್ಜುವುದು, ವಾರ್ನಿಷ್‌ನಂಥ ತಡೆಯುವ ಕ್ರಮಗಳು ಮಾತ್ರ. ನೋವು ಅಥವಾ ಸೋಂಕು ಬಂದ ಮಕ್ಕಳು ಕ್ರಮವಾಗಿ ನೂರಕ್ಕೆ 42, 40, 45. ದೊಡ್ಡ ವ್ಯತ್ಯಾಸ ಇಲ್ಲ. ನಾನು ಇದರಿಂದ ಎರಡು ವಿಷಯ ತೆಗೆದುಕೊಂಡೆ. ಕೊರೆದರೆ ಮಾತ್ರ ಸರಿಯಾದ ಚಿಕಿತ್ಸೆ ಅನ್ನುವುದಕ್ಕೆ ಆಧಾರ ಇಲ್ಲ. ಹಾಗಿದ್ದ ಮೇಲೆ ಮಗು ಹೆದರದ ದಾರಿ ಆರಿಸಲು ಹಿಂಜರಿಯಬೇಕಿಲ್ಲ. ಎರಡನೆಯದು, ಗುಂಡಿ ಬಿದ್ದ ಮೇಲೆ ಯಾವ ದಾರಿ ಹಿಡಿದರೂ ಹತ್ತರಲ್ಲಿ ನಾಲ್ಕು ಮಕ್ಕಳಿಗೆ ತೊಂದರೆ ಬಂದಿದೆ. ಅದಕ್ಕೇ ಬಿಳಿ ಮಚ್ಚೆ ಕಂಡಾಗಲೇ ಹೋಗಬೇಕು.

ನಮ್ಮ ಮನೆಯ ಲೆಕ್ಕ ಹೇಳಿದರೆ ನಿಮಗೆ ಅಂದಾಜು ಸಿಗಬಹುದು. ಮಗಳ ಮುಂದಿನ ಎರಡು ಹಲ್ಲಿನ ಕಂದು ಕಲೆ ಮುಟ್ಟಿದರೆ ಗಟ್ಟಿ, ಹೊಳಪಿತ್ತು. ಅಂದರೆ ಹುಳುಕು ತಾನಾಗಿ ನಿಂತಿದೆ. ಬೀಳಲು ಒಂದೆರಡು ವರ್ಷ ಮಾತ್ರ. ಬರೀ ವಾರ್ನಿಷ್ ಹಚ್ಚಿದರು. ಅದೇ ಕಲೆ ಮೆತ್ತಗೆ, ಹಳದಿಯಾಗಿ, ಒದ್ದೆಯಾಗಿ ಇದ್ದಿದ್ದರೆ ಬೇರೆ ಮಾತು. ಬಲಗಡೆಯ ಎರಡನೇ ದವಡೆ ಹಲ್ಲು, ಮೊದಲ ಕ್ಲಿನಿಕ್‌ನಲ್ಲಿ ಅರ್ಧ ಕೊರೆದದ್ದು, ಗುಂಡಿ ಮೇಲ್ಗಡೆ ಒಂದೇ ಕಡೆ ಇತ್ತು. ಅದಕ್ಕೆ ಕೈಯಲ್ಲೇ ಕೆರೆದು ಸಿಮೆಂಟ್. ಎಡಗಡೆಯದಕ್ಕೆ ಕ್ಯಾಪ್. ಒಂದೇ ಬಾಯಿಯ ನಾಲ್ಕು ಹಲ್ಲಿಗೆ ಮೂರು ಥರ. ಸಿಮೆಂಟಿನ ಅಂಚು ಒಂದು ಸಲ ಒಡೆದು ಮತ್ತೆ ತುಂಬಿಸಬೇಕಾಯಿತು, ಕ್ಯಾಪ್ ಎರಡು ವರ್ಷದಿಂದ ಅಲ್ಲೇ ಇದೆ.

ಮೈಸೂರಿನಲ್ಲಿರುವ ಅಕ್ಕನ ಮಗನಿಗೆ ಹತ್ತು ವರ್ಷ. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ದೊಡ್ಡ ಗುಂಡಿ, ನೋವಿಲ್ಲ. ಎಕ್ಸ್‌-ರೇಯಲ್ಲಿ ಬೇರು ಆಗಲೇ ಕರಗಿತ್ತು. ಕ್ಯಾಪೂ ಬೇಡ, ಸಿಮೆಂಟೂ ಬೇಡ, ಎಸ್‌ಡಿಎಫ್ ಹಚ್ಚಿ ಬಿಟ್ಟರು. ಕೆಲವು ತಿಂಗಳಲ್ಲಿ ಬಿತ್ತು. ಅಲ್ಲಿ ನಮ್ಮತ್ತೆಯ ಮಾತು ಸರಿಹೋಯಿತು.

ಎಲ್ಲಿ ತೋರಿಸುವುದು, ಏನು ಕೇಳುವುದು

ಅಂಗನವಾಡಿ, ಸರ್ಕಾರಿ ಶಾಲೆಗೆ ಹೋಗುವ ಮಗುವಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಹಲ್ಲನ್ನೂ ನೋಡಲು ಹೇಳಿ. 2013ರಲ್ಲಿ ಶುರುವಾದ ಈ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಬಹುದು. ಮೈಸೂರಿನಲ್ಲಿ ಜೆಎಸ್‌ಎಸ್ ಮತ್ತು ಫಾರೂಕಿಯಾ ದಂತ ಕಾಲೇಜುಗಳಿವೆ. ದಂತ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೆಂದೇ ಬೇರೆ ವಿಭಾಗ ಇರುತ್ತದೆ, ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಕಾಯುವುದು ಜಾಸ್ತಿ. ಮಂಡ್ಯ ಕಡೆಯಿಂದ ಹೋಗುವವರು ಬೆಳಿಗ್ಗೆ ಬೇಗ ಹೊರಟು, ಮಗುವಿಗೆ ಹೊಟ್ಟೆ ತುಂಬಿಸಿ ಕರೆದುಕೊಂಡು ಹೋಗಿ. ಹಸಿದ ಮಗು ಯಾವ ಚಿಕಿತ್ಸೆಗೂ ಕೂರುವುದಿಲ್ಲ.

ಅಲ್ಲಿ ಕೇಳಬೇಕಾದ್ದು: ಈ ಹಲ್ಲು ಬೀಳಲು ಇನ್ನೂ ಎಷ್ಟು ವರ್ಷ ಇದೆ? ಹುಳುಕು ನರಕ್ಕೆ ತಾಗಿದೆಯಾ? ಒಂದೇ ಕಡೆ ಇದೆಯಾ, ಸಂದಿಯಲ್ಲಿದೆಯಾ? ನೀವು ಹಾಲ್ ಕ್ಯಾಪ್, ಎಸ್‌ಡಿಎಫ್ ಮಾಡುತ್ತೀರಾ? ಎಷ್ಟು ಸಲ ಬರಬೇಕು? ಕೊನೆಯ ಪ್ರಶ್ನೆಗೆ ನೀವೂ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಳ್ಳಬೇಕು. ಕೆ.ಆರ್. ಪೇಟೆಯ ಹಳ್ಳಿಯೊಂದರಿಂದ ಕೂಲಿ ಬಿಟ್ಟು ಬರುವವರಿಗೆ ಆರು ತಿಂಗಳಿಗೊಮ್ಮೆ ಮೈಸೂರು ಸುಲಭ ಅಲ್ಲ. ಅಂಥವರಿಗೆ ಒಂದೆರಡು ಸಲದಲ್ಲಿ ಮುಗಿಯುವ ಕ್ಯಾಪ್, ಹತ್ತಿರದಲ್ಲೇ ಎಸ್‌ಡಿಎಫ್ ಸಿಗುವವರಿಗೆ ಎಸ್‌ಡಿಎಫ್. ಇದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಬೋರ್‌ವೆಲ್ ನೀರು ಕುಡಿಯುವ ಊರಾದರೆ ಅದನ್ನೂ ಹೇಳಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರಬಾರದು. ಜಾಸ್ತಿ ಇರುವ ನೀರನ್ನು ಚಿಕ್ಕಂದಿನಿಂದ ಕುಡಿದರೆ ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಕಲೆ ಬರುತ್ತದೆ. ಹಚ್ಚುವ ಔಷಧಿ ಬೇರೆ, ದಿನಾ ಕುಡಿಯುವುದು ಬೇರೆ. ಆದರೂ ವೈದ್ಯರಿಗೆ ಗೊತ್ತಿರಲಿ.

ಬೆಲ್ಲ, ಬಿಸ್ಕತ್ತು, ಬಾಟಲಿ

ನಮ್ಮದು ಸಕ್ಕರೆ ನಾಡು. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆ, ಊರೂರಿನ ಆಲೆಮನೆ, ಕಬ್ಬಿನ ಹಾಲು, ಅಚ್ಚು ಬೆಲ್ಲ, ಇವೆಲ್ಲದರ ಜೊತೆ ಬೆಳೆದವರು ನಾವು. ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಎಂದು ಮಕ್ಕಳಿಗೆ ಬೆಲ್ಲ ಕೊಡುತ್ತೇವೆ. ಹಲ್ಲಿಗೆ ಎರಡೂ ಒಂದೇ. ಎಷ್ಟು ತಿಂದರು ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು ಅನ್ನುವುದು ಮುಖ್ಯ. ಊಟದ ಜೊತೆ ಒಂದು ತುಂಡು ಮೈಸೂರ್ ಪಾಕ್ ತಿಂದರೆ ಆಮ್ಲದ ದಾಳಿ ಒಂದೇ ಸಲ. ಬಿಸ್ಕತ್ತನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಒಂದೊಂದೇ ಕೊಟ್ಟರೆ ಹತ್ತು ಸಲ. ಜೊಲ್ಲು ಹಲ್ಲನ್ನು ಸರಿಮಾಡಿಕೊಳ್ಳಲು ಸಮಯವೇ ಸಿಗುವುದಿಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಅದಕ್ಕೇ ರಾತ್ರಿಯ ಸಿಹಿ ಹಾಲಿನ ಬಾಟಲಿ ಎಲ್ಲಕ್ಕಿಂತ ಕೆಟ್ಟದ್ದು.

ರಾತ್ರಿ ಮಲಗುವ ಮುಂಚೆ ನೀವೇ ಉಜ್ಜಿಸಿ. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಅಷ್ಟು ಹಿಡಿತ ಬಂದಿರುವುದಿಲ್ಲ. ಫ್ಲೋರೈಡ್ 1000 ಪಿಪಿಎಂ ಆಸುಪಾಸು ಇರುವ ಪೇಸ್ಟ್, ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು. ಮಕ್ಕಳ ಪೇಸ್ಟ್ ಎಂದು ಬಣ್ಣದ ಚಿತ್ರ ಹಾಕಿರುವ ಕೆಲವದರಲ್ಲಿ ಫ್ಲೋರೈಡೇ ಇರುವುದಿಲ್ಲ, ಡಬ್ಬಿ ತಿರುಗಿಸಿ ಓದಿ. ಉಗಿಸಿ, ನೀರು ಹಾಕಿ ಮುಕ್ಕಳಿಸಬೇಡಿ.

ಆರನೇ ವರ್ಷಕ್ಕೆ ಒಂದು ಹೊಸ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ, ಹಾಲು ಹಲ್ಲುಗಳೆಲ್ಲದರ ಹಿಂದೆ, ಸದ್ದಿಲ್ಲದೆ ಬರುವ ದವಡೆ ಹಲ್ಲು. ಬಿದ್ದ ಹಲ್ಲಿನ ಜಾಗಕ್ಕೆ ಬಂದಿಲ್ಲವಲ್ಲ, ಹಾಗಾಗಿ ಬಹಳ ಜನ ಅದನ್ನೂ ಹಾಲು ಹಲ್ಲೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಶಾಶ್ವತ ಹಲ್ಲು. ಅದರ ಮೇಲಿನ ಗೆರೆಗಳು ಆಳ, ಬ್ರಷ್ ಅಲ್ಲಿಗೆ ಇಳಿಯುವುದಿಲ್ಲ. ಆ ಗೆರೆಗಳನ್ನು ತೆಳು ಪದರದಿಂದ ಮುಚ್ಚುವುದಕ್ಕೆ ಸೀಲೆಂಟ್ ಅನ್ನುತ್ತಾರೆ. ಅದಕ್ಕೂ ಡ್ರಿಲ್ ಬೇಡ, ಇಂಜೆಕ್ಷನ್ ಬೇಡ. ಮಗಳಿಗೆ ಈಗ ಏಳು ವರ್ಷ. ಕೆಳಗಿನ ಎರಡಕ್ಕೂ ಹೋದ ತಿಂಗಳು ಹಾಕಿಸಿದೆವು. ಮೇಲಿನವು ಇನ್ನೂ ಅರ್ಧ ಒಸಡಿನೊಳಗೇ ಇವೆ, ಪೂರ್ತಿ ಹೊರಬಂದ ಮೇಲೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ವಾರಕ್ಕೊಮ್ಮೆ ಅತ್ತೆ ಅವಳನ್ನು ಹಜಾರದ ಬೆಳಕಿಗೆ ನಿಲ್ಲಿಸಿ, "ಬಾಯ್ ತೆಗಿ ಮಗ, ಎಷ್ಟು ಬಂದೈತೆ ನೋಡುವ" ಅನ್ನುತ್ತಾರೆ. ಅವಳು ದೊಡ್ಡದಾಗಿ ಬಾಯಿ ತೆಗೆಯುತ್ತಾಳೆ.